ನಮ್ಮ ಹಿಂದಿ, ಅವರ ನಗು

ನಾವು ನೋಯ್ಡಾಕ್ಕೆ ಬಂದ ಹೊಸದರಲ್ಲಿ ಕನ್ನಡದಲ್ಲಿ ನಗಬೇಕೆಂದರೆ ಬಸ್ಸು ಬದಲಾಯಿಸಿಕೊಂಡು ಯಮುನೆ ದಾಟಬೇಕಿತ್ತು. ಎಂಬತ್ತರ ದಶಕದ ನಡುಭಾಗ. 1976ರಲ್ಲಿ, ತುರ್ತು ಪರಿಸ್ಥಿತಿಯ ಭರಾಟೆಯಲ್ಲಿ ಸರ್ಕಾರಿ ಆದೇಶದಿಂದ ಹುಟ್ಟಿದ ಊರು ಇದು. ಹತ್ತು ವರ್ಷ ಕಳೆದರೂ ಅರ್ಧ ಊರು ನಕ್ಷೆಯಲ್ಲೇ ಇತ್ತು. ಸೆಕ್ಟರುಗಳಿಗೆ ನಂಬರು ಬಂದಿತ್ತು, ರಸ್ತೆಗಳಿಗೆ ದೀಪ ಬಂದಿರಲಿಲ್ಲ. ಕಾರ್ಖಾನೆಯ ಶೆಡ್ಡುಗಳ ಮಗ್ಗುಲಲ್ಲೇ ಸಾಸಿವೆ ಹೊಲ. ದಿನಸಿಗೆ ಅಟ್ಟಾ ಮಾರ್ಕೆಟ್ಟು, ಕರಿಬೇವು, ತೆಂಗಿನಕಾಯಿಗೆ ಐಎನ್‌ಎ ಮಾರ್ಕೆಟ್ಟು, ಕನ್ನಡಕ್ಕೆ ಆರ್.ಕೆ. ಪುರಂ.

ಆರ್.ಕೆ. ಪುರಂ ಅಂದರೆ ರಾವ್ ತುಲಾರಾಂ ಮಾರ್ಗದ ದೆಹಲಿ ಕರ್ನಾಟಕ ಸಂಘ. 1948ರಲ್ಲಿ ಶುರುವಾದದ್ದು. ಭಾನುವಾರದ ಕಾರ್ಯಕ್ರಮಕ್ಕೆ ನೋಯ್ಡಾದಿಂದ ಹೊರಟರೆ ನದಿ ದಾಟಿ ರಿಂಗ್ ರೋಡಿಗೆ ಬಂದು, ಅಲ್ಲಿ ‘ಮುದ್ರಿಕಾ’ ಬಸ್ಸಿಗೆ ಕಾಯಬೇಕು. ಊರನ್ನೇ ಸುತ್ತುವ ಬಸ್ಸಾದ್ದರಿಂದ ತಪ್ಪು ದಿಕ್ಕಿನದನ್ನು ಹತ್ತಿದರೂ ಎಂದಾದರೊಂದು ದಿನ ಮೋತಿಬಾಗ್ ಬರುತ್ತದೆ ಎಂದು ನಮ್ಮ ಯಜಮಾನರು ಹೇಳುತ್ತಿದ್ದರು. ಹೋಗಿ ತಲುಪುವ ಹೊತ್ತಿಗೆ ಸ್ವಾಗತ ಭಾಷಣ ಮುಗಿದಿರುತ್ತಿತ್ತು. ಅದು ನಷ್ಟವೇನಲ್ಲ.

ವೇದಿಕೆಯ ಮೇಲೆ ಭಾಷಣಕಾರರು ಆಡುತ್ತಿದ್ದ ಕನ್ನಡಕ್ಕೂ ಕೆಳಗೆ ಕುಳಿತವರ ಮನೆಯ ಕನ್ನಡಕ್ಕೂ ಸಂಬಂಧವಿರಲಿಲ್ಲ. ಮೇಲೆ ‘ತಾಯ್ನುಡಿಯ ಕಂಪು’ ಹರಿಯುತ್ತಿದ್ದರೆ ಕೆಳಗೆ ಒಬ್ಬಾಕೆ ಮಗನಿಗೆ, ‘ಏ, ಚುಪ್ ಬೈಠೋ, ಇಲ್ಲಾಂದ್ರೆ ಆಚೆ ಕಳಿಸ್ತೀನಿ’ ಅನ್ನುತ್ತಿದ್ದಳು. ಸಭೆ ನಿಜವಾಗಿ ಎಚ್ಚರಗೊಳ್ಳುತ್ತಿದ್ದದ್ದು ನಾಟಕ ಶುರುವಾದಾಗ. ಹವ್ಯಾಸಿಗಳ ನಾಟಕ ಎಂದ ಮೇಲೆ ಕೈಲಾಸಂ ಇರಲೇಬೇಕು. ಮನೆಮಾತು ತಮಿಳು, ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದವರು, ಬರೆದದ್ದು ಇಂಗ್ಲಿಷು ಬೆರೆತ ಬೆಂಗಳೂರು, ಮೈಸೂರಿನ ಮನೆಮಾತಿನ ಕನ್ನಡ. ‘ಟೊಳ್ಳುಗಟ್ಟಿ’, ‘ಬಂಡ್ವಾಳ್ವಿಲ್ಲದ ಬಡಾಯಿ’ಗಳಲ್ಲಿ ಜನ ಆಡುವ ಕಲಬೆರಕೆ ಮಾತಿಗೆ ದೆಹಲಿಯ ಗುಮಾಸ್ತರು, ಸೆಕ್ಷನ್ ಆಫೀಸರುಗಳು ಬಿದ್ದುಬಿದ್ದು ನಗುತ್ತಿದ್ದರು. ಅಲ್ಲಿ ಹಿಂದಿ ಇರಲಿಲ್ಲ ಅನ್ನುವುದೊಂದೇ ವ್ಯತ್ಯಾಸ. ಕೈಲಾಸಂ ಸತ್ತದ್ದು 1946ರಲ್ಲಿ. ಇನ್ನಷ್ಟು ವರ್ಷ ಬದುಕಿ ಕರೋಲ್‌ಬಾಗಿನಲ್ಲಿ ಒಂದು ರೂಮು ಹಿಡಿದಿದ್ದರೆ ಅದೂ ಬರುತ್ತಿತ್ತು.

ನಾಟಕಕ್ಕೆ ಹೆಂಗಸರು ಸಿಗುವುದು ಮಾತ್ರ ಕಷ್ಟ. ಒಳ್ಳೆಯ ಮಾತುಗಾರ್ತಿಯರಿಗೆ ಬರ ಇರಲಿಲ್ಲ. ತಾಲೀಮಿಗೆ ಬರಲು ಗಂಡನ ಒಪ್ಪಿಗೆ, ಅತ್ತೆಯ ಒಪ್ಪಿಗೆ, ವಾಪಸು ಹೋಗಲು ಒಂದು ಸ್ಕೂಟರು, ಈ ಮೂರೂ ಕೂಡಿಬರಬೇಕು. ಕೂಡಿಬಂದವರಿಗೂ ಸಿಗುತ್ತಿದ್ದದ್ದು ಅಳುವ ಪಾತ್ರ, ಇಲ್ಲವೇ ಬೈಸಿಕೊಳ್ಳುವ ಪಾತ್ರ. ನಗಿಸುವ ಸಾಲುಗಳೆಲ್ಲ ಗಂಡಸರವು. ನನಗೂ ಒಮ್ಮೆ ಕೆಲಸದವಳ ಪಾತ್ರ ಸಿಕ್ಕಿತ್ತು. ಮಾತು ಕಡಿಮೆ, ಪೊರಕೆ ಕೆಲಸ ಜಾಸ್ತಿ.

ಇತ್ತ ನೋಯ್ಡಾದಲ್ಲಿ ನಾನು ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಅಲ್ಲಿ ನನಗೆ ಗೊತ್ತಿಲ್ಲದೆಯೇ ಹಾಸ್ಯದ ಮುಖ್ಯ ಪಾತ್ರ ನನ್ನದೇ ಆಗಿತ್ತು. ಕನ್ನಡದಲ್ಲಿ ಜೀವವಿಲ್ಲದ ವಸ್ತುವಿಗೆ ಗಂಡು, ಹೆಣ್ಣು ಎಂಬ ತಾಪತ್ರಯವಿಲ್ಲ. ಬಸ್ಸೂ ಬಂತು, ಮಳೆಯೂ ಬಂತು. ಹಿಂದಿಯಲ್ಲಿ ಬಸ್ಸು ಹೆಣ್ಣು, ಟ್ರಕ್ಕು ಗಂಡು, ಕುರ್ಚಿ ಹೆಣ್ಣು, ಬಾಗಿಲು ಗಂಡು. ‘ಬಸ್ ಆ ಗಯಾ’ ಎಂದ ಕೂಡಲೇ ಹಿಂದಿನ ಬೆಂಚಿನಿಂದ ಕಿಸಕ್ ಎಂದು ಸದ್ದು ಬರುತ್ತಿತ್ತು. ಮೊಸರಿನ ವಿಷಯದಲ್ಲಂತೂ ಅವರಿಗೇ ಒಮ್ಮತವಿಲ್ಲ. ವ್ಯಾಕರಣ ಪುಸ್ತಕದಲ್ಲಿ ಮೊಸರು ಗಂಡು, ದೆಹಲಿಯ ಬಾಯಲ್ಲಿ ಹೆಣ್ಣು. ಆದರೂ ನಾನು ಯಾವುದನ್ನು ಹೇಳಿದರೂ ನಗುವುದರಲ್ಲಿ ಅವರಿಗೆ ಒಮ್ಮತವಿತ್ತು.

ಈ ನಗುವಿಗೆ ಪಠ್ಯ ಒದಗಿಸಿದ್ದು ಸಿನಿಮಾ. 1968ರ ‘ಪಡೋಸನ್’ನಲ್ಲಿ ಮೆಹಮೂದ್ ಮಾಡಿದ ಸಂಗೀತದ ಮೇಷ್ಟ್ರು ಪಿಳ್ಳೈ ಪಾತ್ರವನ್ನು ನೋಡಿಯೇ ಉತ್ತರದವರು ನಮ್ಮ ಮಾತನ್ನು ಕಲಿತಿದ್ದರು. ಮೈಸೂರು, ಮದುರೆ, ಮಂಗಳೂರು ಎಲ್ಲ ಒಂದೇ. ಎಲ್ಲರೂ ಮದರಾಸಿಗಳು, ಎಲ್ಲರ ಬಾಯಲ್ಲೂ ‘ಅಯ್ಯಯ್ಯೋ’. 1990ರ ‘ಅಗ್ನಿಪಥ್’ನಲ್ಲಿ ಮಿಥುನ್ ಚಕ್ರವರ್ತಿ ಲುಂಗಿ ಉಟ್ಟು ಎಳನೀರು ಮಾರುವ ಕೃಷ್ಣನ್ ಅಯ್ಯರ್ ಆಗಿ ಬಂದರು, ಅದಕ್ಕೆ ಫಿಲ್ಮ್‌ಫೇರ್ ಪ್ರಶಸ್ತಿಯೂ ಬಂತು. 2011ರ ‘ರಾ ಒನ್’ನಲ್ಲಿ ಶಾರುಖ್ ಖಾನ್ ನೂಡಲ್ಸಿಗೆ ಮೊಸರು ಕಲಸಿ ತಿಂದರು. ಅದನ್ನು ನೋಡಿ ಪಕ್ಕದ ಮನೆಯಾಕೆ, ‘ನಿಮ್ಮಲ್ಲಿ ಹೀಗೆ ತಿನ್ನುತ್ತಾರಾ?’ ಎಂದು ನಿಜವಾದ ಕುತೂಹಲದಿಂದ ಕೇಳಿದಳು. ಆಕೆಯ ಮೇಲೆ ನನಗೆ ಸಿಟ್ಟಿಲ್ಲ. ಈ ಮೂರು ಪಾತ್ರಗಳನ್ನೂ ಮಾಡಿದವರು ಹೊರಗಿನವರು, ಆ ಉಚ್ಚಾರಣೆ ಅವರಿಗೆ ಬಾಡಿಗೆಗೆ ತಂದ ಕೋಟು. ಸಂಜೆ ಬಿಚ್ಚಿಟ್ಟು ಮನೆಗೆ ಹೋಗಬಹುದು. ನಾವು ಅದನ್ನೇ ಹಾಕಿಕೊಂಡು ಅಟ್ಟಾ ಮಾರ್ಕೆಟ್ಟಿನಲ್ಲಿ ಟೊಮೆಟೊ ಕೊಳ್ಳಬೇಕಿತ್ತು.

ಆಗ ನನಗಿದ್ದ ಆಸರೆ ಅಂಚೆಯಲ್ಲಿ ತಡವಾಗಿ ಬರುತ್ತಿದ್ದ ವಾರಪತ್ರಿಕೆಗಳು, ಊರಿನಿಂದ ಹೊತ್ತು ತಂದ ಕೆಲವು ಪುಸ್ತಕಗಳು. ಅವುಗಳಲ್ಲಿ ಟಿ. ಸುನಂದಮ್ಮನವರದೂ ಇತ್ತು. ವೈದ್ಯರೂ ಆಗಿದ್ದ ರಾಶಿ 1942ರಲ್ಲಿ ಶುರುಮಾಡಿದ ಹಾಸ್ಯಪತ್ರಿಕೆ ‘ಕೊರವಂಜಿ’ಯಲ್ಲಿ ಬರೆಯತೊಡಗಿದವರು ಸುನಂದಮ್ಮ. ಹೆಂಗಸರು ಹಾಸ್ಯದ ವಸ್ತುವಾಗಿದ್ದ ಕಾಲದಲ್ಲಿ ಹಾಸ್ಯದ ಪೆನ್ನನ್ನು ತಾವೇ ಹಿಡಿದರು. ‘ಜಂಬದ ಚೀಲ’ ಓದಿದರೆ ಈಗಲೂ ಗೊತ್ತಾಗುತ್ತದೆ, ಆಕೆಯ ಕಣ್ಣಿಗೆ ಏನೂ ತಪ್ಪಿಸಿಕೊಳ್ಳುವುದಿಲ್ಲ. 1979ರಲ್ಲಿ ಕರ್ನಾಟಕ ಲೇಖಕಿಯರ ಸಂಘ ಹುಟ್ಟಿದಾಗ ಮೊದಲ ಅಧ್ಯಕ್ಷೆಯೂ ಅವರೇ. ಆದರೆ ಒಂದು ಮಾತು ಹೇಳಬೇಕು. ಸುನಂದಮ್ಮನವರ ನಗು ಮನೆಯ ಹೊಸಿಲು ದಾಟಿದರೂ ಮರ್ಯಾದೆಯ ಗೆರೆ ದಾಟುವುದಿಲ್ಲ. ಗಂಡನನ್ನು ಗೇಲಿ ಮಾಡಿದರೂ ಸಂಜೆ ಕಾಫಿ ಹೊತ್ತಿಗೆ ಸರಿಯಾಗಿ ಬರುತ್ತದೆ. ಅದನ್ನು ಅವರ ದೋಷ ಎಂದು ನಾನು ಭಾವಿಸಿಲ್ಲ. ಆ ಗೆರೆ ದಾಟಿದ್ದರೆ ಅವರ ಬರಹವನ್ನು ಮುಂದಿನ ವಾರ ಯಾರೂ ಅಚ್ಚು ಹಾಕುತ್ತಿರಲಿಲ್ಲ.

ನಗಿಸುವ ಹೆಂಗಸನ್ನು ಮೈಸಹಿತ, ಕಂಠಸಹಿತ ನಾನು ಕಂಡದ್ದು ರಜೆಗೆ ಊರಿಗೆ ಹೋದಾಗ, ಬೆಂಗಳೂರಿನಲ್ಲಿ. ನಾಟಕ ‘ಸದಾರಮೆ’, ಆಡಿದವರು ಬಿ. ಜಯಶ್ರೀ.

ನಾನು ತುಮಕೂರು ಜಿಲ್ಲೆಯವಳು. ನಮ್ಮ ಕಡೆ ಗುಬ್ಬಿ ವೀರಣ್ಣನವರ ಹೆಸರು ಎತ್ತಿದರೆ ಹಳಬರು ಇನ್ನೂ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾರೆ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಕಂಪನಿ ಅದು. ರಂಗದ ಮೇಲೆ ನಿಜವಾದ ಆನೆ, ಕುದುರೆ ತಂದು ‘ಕುರುಕ್ಷೇತ್ರ’ ಆಡಿದವರು, ತೆಲುಗು, ತಮಿಳು ಸೀಮೆಗೂ ಡೇರೆ ಹೊತ್ತು ಆಯಾ ಭಾಷೆಯಲ್ಲೇ ಆಡಿ ಬಂದವರು. ಇಷ್ಟೆಲ್ಲ ವೈಭವದ ನಡುವೆ ವೀರಣ್ಣ ತಮಗಾಗಿ ಇಟ್ಟುಕೊಂಡದ್ದು ಹಾಸ್ಯದ ಪಾತ್ರ. ಬೆಳ್ಳಾವೆ ನರಹರಿ ಶಾಸ್ತ್ರಿಗಳ ‘ಸದಾರಮೆ’ಯಲ್ಲಿ ಅವರು ಕಳ್ಳ. ನನ್ನ ತಂದೆ ಆ ಕಳ್ಳನನ್ನು ಕಂಡಿದ್ದರು. ಕಳ್ಳ ಏನು ಹೇಳಿದ ಎಂದು ಕೇಳಿದರೆ ಅವರಿಗೆ ಹೇಳಲು ಬರುತ್ತಿರಲಿಲ್ಲ. ಒಂದೊಂದು ರಾತ್ರಿ ಒಂದೊಂದು ಹೇಳುತ್ತಿದ್ದನಂತೆ. ಕಂಪನಿ ನಾಟಕದ ಹಾಸ್ಯಗಾರ ಹಾಗೇ: ರಾಜ, ರಾಣಿಗೆ ಬರೆದ ಮಾತು, ಅವನಿಗೆ ಮಾತ್ರ ಅಂದಿನ ಊರು, ಅಂದಿನ ಸುದ್ದಿ, ಮುಂದಿನ ಸಾಲಿನಲ್ಲಿ ಕುಳಿತ ಅಮಲ್ದಾರ.

ಜಯಶ್ರೀ ವೀರಣ್ಣನವರ ಮಗಳು ಮಾಲತಮ್ಮನವರ ಮಗಳು. ಹುಟ್ಟಿದ್ದು 1950ರಲ್ಲಿ, ಬಣ್ಣ ಹಚ್ಚಿದ್ದು ಎಳೆಯ ಮಗುವಾಗಿದ್ದಾಗಲೇ. ಆಮೇಲೆ ಆಕೆ ದೆಹಲಿಗೆ ಬಂದರು, ರಾಷ್ಟ್ರೀಯ ನಾಟಕ ಶಾಲೆಗೆ. ಅಲ್ಲಿ ಇಬ್ರಾಹಿಂ ಅಲ್ಕಾಜಿಯವರ ಆಳ್ವಿಕೆ. ಶಿಸ್ತು, ಗ್ರೀಕ್ ನಾಟಕ, ಶೇಕ್ಸ್‌ಪಿಯರ್, ಎಲ್ಲವೂ ಹಿಂದಿಯಲ್ಲಿ. ಡೇರೆಯಲ್ಲಿ ಹಾರ್ಮೋನಿಯಂ ಪಕ್ಕ ಬೆಳೆದ ಹುಡುಗಿಗೆ ಇದು ಪರದೇಶವೇ ಸರಿ. ಅಲ್ಲಿಯ ಹುಡುಗರು ಆಕೆಯ ಹಿಂದಿಗೆ ನಕ್ಕರೋ ಇಲ್ಲವೋ, ನಕ್ಕಿದ್ದರೆ ತಿರುಗಿಸಿ ಕೊಟ್ಟಿರುತ್ತಾರೆ ಎಂದು ಆ ಕಂಠ ಕೇಳಿದ ಯಾರೂ ಹೇಳಬಲ್ಲರು. 1973ರಲ್ಲಿ ಓದು ಮುಗಿಸಿ ಊರಿಗೆ ಮರಳಿ, ಮುಂದೆ ‘ಸ್ಪಂದನ’ ತಂಡ ಕಟ್ಟಿದರು. ನಾಟಕ ಶಾಲೆಯ ಕಲಿಕೆ, ಕಂಪನಿಯ ಕಸುಬು ಎರಡನ್ನೂ ಒಂದೇ ರಂಗದ ಮೇಲೆ ಇಟ್ಟರು. ‘ಲಕ್ಷಾಪತಿ ರಾಜನ ಕಥೆ’, ಕಂಬಾರರ ‘ಕರಿಮಾಯಿ’ ನೋಡಿದವರಿಗೆ ಆ ಎರಡರ ಹೊಲಿಗೆ ಎಲ್ಲಿದೆ ಎಂದು ತಿಳಿಯುವುದಿಲ್ಲ. ಹಾಡಿನಲ್ಲಿ ಕಥೆ ಹೇಳುತ್ತ, ಕಥೆಯ ನಡುವೆ ನಗಿಸುತ್ತ, ಥಟ್ಟನೆ ಬಾಯಿ ಮುಚ್ಚಿಸುವುದು ಅವರ ರೀತಿ.

‘ಸದಾರಮೆ’ಯಲ್ಲಿ ಆಕೆ ಸದಾರಮೆ ಆಗಲಿಲ್ಲ. ಕಳ್ಳ ಆದರು. ತಾತ ಮಾಡಿದ ಪಾತ್ರವೇ. ಪೇಟ, ಮೀಸೆ, ನಡಿಗೆ ಎಲ್ಲ ಗಂಡಸಿನದು, ಕಣ್ಣಿನ ಚೇಷ್ಟೆ ಮಾತ್ರ ಯಾವ ಗಂಡಸಿನದೂ ಅಲ್ಲ. ಸದಾರಮೆಯನ್ನು ಹೊತ್ತೊಯ್ಯುವ ಕಳ್ಳ ಕೊನೆಗೆ ಅವಳ ಜಾಣತನಕ್ಕೆ ಸೋಲುತ್ತಾನೆ. ಹೆಂಗಸೊಬ್ಬಳು ಕಳ್ಳನಾಗಿ ಇನ್ನೊಬ್ಬ ಹೆಂಗಸಿಂದ ಮೋಸಹೋಗುವುದನ್ನು ನೋಡುವಾಗ ನಗುವಿನ ದಿಕ್ಕೇ ಬೇರೆಯಾಗುತ್ತದೆ. ನನ್ನ ಪಕ್ಕ ಕುಳಿತ ಹಿರಿಯರೊಬ್ಬರು ಸಂಭಾಷಣೆಗಿಂತ ಮೊದಲೇ ನಗುತ್ತಿದ್ದರು. ಅವರಿಗೆ ಹಳೆಯ ಕಳ್ಳ ನೆನಪಿದ್ದ. ನನಗೆ ಹೊಳೆದದ್ದು ಬೇರೆ. ನಮ್ಮಲ್ಲಿ ಹೆಣ್ಣು ಹೊಟ್ಟೆ ಹುಣ್ಣಾಗುವಂತೆ ನಗಿಸಬೇಕಾದರೆ ಮೊದಲು ಮೀಸೆ ಅಂಟಿಸಿಕೊಳ್ಳಬೇಕಾಗಿತ್ತಲ್ಲ ಎಂದು. ಜಯಶ್ರೀಗೆ ಅದು ತಾತನ ಆಸ್ತಿ, ಹಕ್ಕಿನಿಂದ ತೆಗೆದುಕೊಂಡರು. ಆ ಆಸ್ತಿ ಇಲ್ಲದವರು?

ಇನ್ನೊಂದು ತಮಾಷೆ. ಕನ್ನಡ ಸಿನಿಮಾಕ್ಕೆ ಪರಭಾಷೆಯಿಂದ ಬಂದ ಎಷ್ಟೋ ನಾಯಕಿಯರ ಕನ್ನಡ ಜಯಶ್ರೀಯವರ ಕನ್ನಡ. ಕನ್ನಡ ಬಾರದ ಸುಂದರಿಯರು ತುಟಿ ಆಡಿಸಿದರು, ಈಕೆ ಧ್ವನಿ ಕೊಟ್ಟರು. ಹಿಂದಿಯವರು ನಮ್ಮ ಉಚ್ಚಾರಣೆಯನ್ನು ತೆರೆಯ ಮೇಲೆ ಆಡಿ ನಗುತ್ತಿದ್ದರೆ, ನಾವು ಪರರ ಉಚ್ಚಾರಣೆಯನ್ನು ಸದ್ದಿಲ್ಲದೆ ಅಳಿಸಿ ನಮ್ಮದನ್ನು ಅಂಟಿಸುತ್ತಿದ್ದೆವು. ಯಾವುದು ಹೆಚ್ಚು ಸಭ್ಯ ಎಂದು ತೀರ್ಮಾನಿಸುವುದು ಕಷ್ಟ.

2010ರಲ್ಲಿ ಜಯಶ್ರೀ ಮತ್ತೆ ದೆಹಲಿಗೆ ಬಂದರು, ಈ ಸಲ ರಾಜ್ಯಸಭೆಗೆ. ರಾಷ್ಟ್ರಪತಿಗಳಿಂದ ನಾಮನಿರ್ದೇಶನಗೊಂಡವರಲ್ಲಿ ಜಾವೇದ್ ಅಖ್ತರ್ ಜೊತೆ ಈಕೆಯ ಹೆಸರೂ ಇತ್ತು. 2013ರಲ್ಲಿ ಪದ್ಮಶ್ರೀ. ಕನ್ನಡಿಗರ ಕೂಟಗಳಲ್ಲಿ ಎಲ್ಲರೂ ಹೆಮ್ಮೆಪಟ್ಟರು. ಆದರೆ ನನ್ನ ಉತ್ತರ ಭಾರತದ ಸಹೋದ್ಯೋಗಿಗಳಿಗೆ ಆಕೆ ಯಾರೆಂದು ವಿವರಿಸುವಾಗ ನನಗೆ ಮಾತು ಸಾಲಲಿಲ್ಲ. ಕಳ್ಳನ ಪಾತ್ರ ಮಾಡುವ ಹೆಂಗಸು ಎಂದರೆ ಅವರಿಗೆ ಏನು ಗೊತ್ತಾಗಬೇಕು? ಆ ಹಾಸ್ಯಕ್ಕೆ ಕನ್ನಡ ಬೇಕು, ಹಾಡು ಬೇಕು, ಹದಿನೈದು ಜನರ ಮೇಳ ಬೇಕು, ತಾತ ಬೇಕು. ಅದು ಯಮುನೆ ದಾಟುವ ಸರಕಲ್ಲ.

ದೂರದರ್ಶನ ಒಮ್ಮೆ ಅದನ್ನು ಬೇರೆ ರೀತಿಯಲ್ಲಿ ದಾಟಿಸಿತ್ತು. ಎಂಬತ್ತರ ದಶಕದ ‘ಮಾಲ್ಗುಡಿ ಡೇಸ್’. ಆಗುಂಬೆಯಲ್ಲಿ ಶಂಕರ್ ನಾಗ್ ಚಿತ್ರಿಸಿದ, ಕನ್ನಡದ ನಟರೇ ತುಂಬಿದ್ದ, ಇಂಗ್ಲಿಷ್ ಕಥೆಗಳ ಹಿಂದಿ ಧಾರಾವಾಹಿ. ನಮ್ಮ ಗಲ್ಲಿಯವರೆಲ್ಲ ನೋಡಿದರು. ಅದರಲ್ಲಿ ಯಾರ ಉಚ್ಚಾರಣೆಗೂ ಯಾರೂ ನಗಲಿಲ್ಲ. ನಗು ಬೇರೆ ಕಡೆಯಿಂದ ಬಂತು. ಆ ಮಟ್ಟಿಗೆ ಅದು ದೊಡ್ಡ ಕೆಲಸ. ಶಂಕರ್ ಅವರ ಪತ್ನಿ ಅರುಂಧತಿ ನಾಗ್ ಹುಟ್ಟಿದ್ದು ಇದೇ ದೆಹಲಿಯಲ್ಲಿ, ರಂಗಭೂಮಿಗೆ ಬಿದ್ದದ್ದು ಮುಂಬೈಯಲ್ಲಿ, ಕನ್ನಡ ಕಲಿತದ್ದು ಬೆಂಗಳೂರಿನ ಸೊಸೆಯಾದ ಮೇಲೆ. 2005ರಲ್ಲಿ ಗಿರೀಶ ಕಾರ್ನಾಡರ ‘ಒಡಕಲು ಬಿಂಬ’ವನ್ನು ಕನ್ನಡದಲ್ಲೂ ಆಮೇಲೆ ಹಿಂದಿಯಲ್ಲೂ ಆಕೆಯೇ ಆಡಿದರು. ಕನ್ನಡದಲ್ಲಿ ಕಥೆ ಬರೆಯುತ್ತಿದ್ದು ಇಂಗ್ಲಿಷಿನ ಒಂದೇ ಕಾದಂಬರಿಯಿಂದ ಜಗತ್ಪ್ರಸಿದ್ಧಳಾದ ಲೇಖಕಿಯನ್ನು ಟಿವಿಯೊಳಗಿನ ಅವಳದೇ ಬಿಂಬ ಕೂರಿಸಿಕೊಂಡು ಪಾಟೀಸವಾಲು ಮಾಡುವ ನಾಟಕ. ಎರಡು ಭಾಷೆಯಲ್ಲಿ ಬದುಕುವವರ ಬಗ್ಗೆ ಎರಡು ಭಾಷೆಯಲ್ಲಿ ಬದುಕಿದವರೇ ಆಡಿದ್ದು. ನಗು ಇದೆ, ಆದರೆ ಕುಯ್ಯುತ್ತದೆ.

ಟಿವಿಯ ಕಾಲವನ್ನು ಬೇಗ ದಾಟಿಬಿಡುತ್ತೇನೆ. 1994ರಲ್ಲಿ ಉದಯ ಟಿವಿ ಬಂತು, ತಾರಸಿಯ ಮೇಲೆ ಡಿಶ್ ಬಂತು, ಸಂಘಕ್ಕೆ ಹೋಗುವವರು ಕಡಿಮೆಯಾದರು. ‘ಸಿಲ್ಲಿ ಲಲ್ಲಿ’ಯ ಸಮಾಜಸೇವಕಿ ಲಲಿತಾಂಬಾಳಾಗಿ ಮಂಜುಭಾಷಿಣಿ ಬಂದಾಗ ನೋಯ್ಡಾದ ಕನ್ನಡ ಮನೆಗಳಲ್ಲಿ ಅಡುಗೆ ಅರ್ಧಕ್ಕೆ ನಿಲ್ಲುತ್ತಿತ್ತು. ಮೀಸೆ ಇಲ್ಲದೆ ನಗಿಸಿದ ಹೆಂಗಸು. ಅದನ್ನು ಆಗ ಯಾರೂ ಗಮನಿಸಲಿಲ್ಲ, ನಾನೂ ಕೂಡ ಬರೀ ನಕ್ಕೆ. 2001ರಲ್ಲಿ ಡಿಎನ್‌ಡಿ ರಸ್ತೆ ಆಯಿತು, 2009ರ ನವೆಂಬರಿನಲ್ಲಿ ಮೆಟ್ರೊ ನೋಯ್ಡಾಕ್ಕೆ ಬಂತು. ಈಗ ಸಂಘಕ್ಕೆ ಹೋಗುವುದು ಸುಲಭ; ಮಯೂರ್ ವಿಹಾರದಲ್ಲಿ ಗುಲಾಬಿ ಲೈನಿಗೆ ಬದಲಾಯಿಸಿದರೆ ಇಳಿಯುವ ನಿಲ್ದಾಣದ ಹೆಸರೇ ಸರ್ ವಿಶ್ವೇಶ್ವರಯ್ಯ ಮೋತಿಬಾಗ್. ದಾರಿ ಸುಲಭವಾದ ಮೇಲೆ ಹೋಗುವ ಅಭ್ಯಾಸ ತಪ್ಪಿತು.

ಇವತ್ತು ನೋಯ್ಡಾದಲ್ಲಿ ಅತಿ ಹೆಚ್ಚು ಹಾಸ್ಯ ತಯಾರಾಗುವುದು ಸೆಕ್ಟರ್ 16ಎ ಫಿಲ್ಮ್ ಸಿಟಿಯ ಸುದ್ದಿ ಚಾನೆಲ್ಲುಗಳಲ್ಲಿ. ಅವರಿಗೆ ಅದು ಗೊತ್ತಿಲ್ಲ, ಹಾಗಾಗಿ ಲೆಕ್ಕಕ್ಕಿಲ್ಲ. ಗೊತ್ತಿದ್ದು ಮಾಡುವವರು ಮಾಲುಗಳ ಮೇಲಂತಸ್ತಿನಲ್ಲಿ ಒಂದು ಮೈಕು ಹಿಡಿದು ನಿಲ್ಲುತ್ತಾರೆ. ಟಿಕೆಟ್ಟು ಫೋನಿನಲ್ಲೇ. ಸ್ವಾಗತ ಭಾಷಣ ಇಲ್ಲ, ಅದು ಪ್ರಗತಿ.

2017ರಲ್ಲಿ ಅಮೆಜಾನ್ ಪ್ರೈಮ್‌ನಲ್ಲಿ ‘ಪುಷ್ಪವಲ್ಲಿ’ ಬಂತು. ನನಗೆ ತೋರಿಸಿದವಳು ನಾದಿನಿಯ ಮಗಳು. ಬರೆದು ನಟಿಸಿದವರು ಸುಮುಖಿ ಸುರೇಶ್: ತಮಿಳು ಮನೆಮಾತು, ಬೆಳೆದದ್ದು ನಾಗಪುರ, ಹಾಸ್ಯಕ್ಕೆ ಇಳಿದದ್ದು ಬೆಂಗಳೂರಿನಲ್ಲಿ. ದಾನಿಶ್ ಸೇಠ್ ಅವರ ‘ಹಂಬಲ್ ಪೊಲಿಟೀಷಿಯನ್ ನೊಗ್ರಾಜ್’ನಲ್ಲಿ ನೊಗ್ರಾಜನ ಹೆಂಡತಿಯಾಗಿದ್ದವರೂ ಇವರೇ. ‘ಪುಷ್ಪವಲ್ಲಿ’ಯ ನಾಯಕಿ ಭೋಪಾಲಿನಿಂದ ಒಬ್ಬ ಗಂಡಸಿನ ಬೆನ್ನು ಹತ್ತಿ ಬೆಂಗಳೂರಿಗೆ ಬಂದು ಸೇರುತ್ತಾಳೆ. ಸುಳ್ಳು ಹೇಳುತ್ತಾಳೆ, ಹೊಂಚು ಹಾಕುತ್ತಾಳೆ, ಮಕ್ಕಳ ಲೈಬ್ರರಿಯಲ್ಲಿ ಕೆಲಸ ಹಿಡಿಯುತ್ತಾಳೆ. ಅವಳನ್ನು ಪ್ರೀತಿಸಲು ಸಾಧ್ಯವೇ ಇಲ್ಲ, ನೋಡದೆ ಇರಲೂ ಆಗುವುದಿಲ್ಲ. ನನಗೆ ಪದೇ ಪದೇ ಸುನಂದಮ್ಮ ನೆನಪಾದರು. ಅವರ ಕಣ್ಣಿಗೂ ಇಂಥವಳು ಬಿದ್ದೇ ಇರುತ್ತಾಳೆ. ಬರೆಯಲು ಜಾಗ ಇರಲಿಲ್ಲ.

ಅದೇ ಧಾರಾವಾಹಿಯಲ್ಲಿ ಪಿಜಿ ನಡೆಸುವ ವಾಸು ಎಂಬಾಕೆ ಬರುತ್ತಾಳೆ. ಕನ್ನಡ ಬೆರೆಸಿ, ಉಸಿರು ತೆಗೆದುಕೊಳ್ಳದೆ, ಹುಡುಗಿಯರ ಜನ್ಮ ಜಾಲಾಡುವ ಒಡತಿ. ಆ ಪಾತ್ರ ಮಾಡಿದವರು ಶ್ರದ್ಧಾ ಜೈನ್. ಕರಾವಳಿ ಕಡೆಯವರು. ಇಂಜಿನಿಯರಿಂಗ್ ಓದಿ, ಆಫೀಸು ಕಂಡು, ಬೆಂಗಳೂರಿನ ಎಫ್‌ಎಂ ರೇಡಿಯೋದಲ್ಲಿ ಮಾತಾಡಿ, ಆಮೇಲೆ ಫೋನಿನ ಪುಟ್ಟ ಪರದೆಗೆ ಬಂದವರು. ಈಗ ಊರೆಲ್ಲ ಅವರನ್ನು ಗುರುತಿಸುವುದು ‘ಅಯ್ಯೋ ಶ್ರದ್ಧಾ’ ಎಂದು. ಮೆಹಮೂದ್ ನಮ್ಮ ಬಾಯಿಗೆ ತುರುಕಿದ ಆ ಉದ್ಗಾರವನ್ನೇ ಬೋರ್ಡು ಮಾಡಿ ಅಂಗಡಿ ತೆರೆದಿದ್ದಾರೆ.

ಅವರ ಕಸುಬನ್ನು ನಾನು ಗಮನವಿಟ್ಟು ನೋಡಿದ್ದೇನೆ. ಒಂದೇ ಮುಖ. ಅದೇ ಮ್ಯಾನೇಜರು, ಅದೇ ಎಚ್‌ಆರ್, ಅದೇ ತಾಯಿ, ಅದೇ ಪಕ್ಕದ ಮನೆಯಾಕೆ. ಇಂಗ್ಲಿಷು, ಹಿಂದಿ, ಕನ್ನಡ ಒಂದರ ಮೇಲೊಂದು ಬೀಳುತ್ತವೆ, ಕ್ಷಮೆ ಕೇಳುವುದಿಲ್ಲ. ಹಿಂದಿಯಲ್ಲಿ ಮಂಗಳೂರಿನ ಏರಿಳಿತ ಹಾಗೇ ಇರುತ್ತದೆ, ಆದರೆ ತಮಾಷೆ ಅದರ ಮೇಲೆ ನಿಂತಿಲ್ಲ. ತಮಾಷೆ ಆಕೆ ಏನು ಕಂಡಿದ್ದಾರೆ ಅನ್ನುವುದರ ಮೇಲೆ ನಿಂತಿದೆ. ವ್ಯತ್ಯಾಸ ಇರುವುದು ಇಲ್ಲೇ. 2023ರ ಆರಂಭದಲ್ಲಿ ಐಟಿ ಕಂಪನಿಗಳು ಜನರನ್ನು ಗುಂಪುಗುಂಪಾಗಿ ಮನೆಗೆ ಕಳಿಸುತ್ತಿದ್ದಾಗ ಆಕೆ ಮಾಡಿದ ವಿಡಿಯೋ ನಮ್ಮ ಸೊಸೈಟಿಯ ವಾಟ್ಸ್ಯಾಪ್ ಗುಂಪಿಗೂ ಬಂತು. ಹಾಕಿದವನು ಮೀರಠ್ ಕಡೆಯ ಹುಡುಗ, ಸೆಕ್ಟರ್ 62ರಲ್ಲಿ ಕೆಲಸ. ಅವನಿಗೆ ಆಕೆ ‘ಮದರಾಸಿ’ ಆಗಿರಲಿಲ್ಲ, ತನ್ನ ಆಫೀಸಿನ ಮಾತನ್ನು ಆಡುವವಳಾಗಿದ್ದಳು. ಹಿಂದೆ ನಮ್ಮನ್ನೂ ಅವರನ್ನೂ ಬೇರೆ ಮಾಡುತ್ತಿದ್ದದ್ದು ಭಾಷೆ. ಈಗ ಇಬ್ಬರನ್ನೂ ಒಂದೇ ಬೆಂಚಿಗೆ ಕೂರಿಸಿದ್ದು ಕೆಲಸ ಕಳೆದುಕೊಳ್ಳುವ ಭಯ. ಕನ್ನಡದ ಗೆಲುವು ಅಂತ ಇದನ್ನು ಬಣ್ಣಿಸಿದರೆ ನಾನು ಒಪ್ಪುವುದಿಲ್ಲ.

2024ರ ಮಾರ್ಚ್ 8ರಂದು ಪ್ರಗತಿ ಮೈದಾನದ ಭಾರತ ಮಂಟಪದಲ್ಲಿ ಕೇಂದ್ರ ಸರ್ಕಾರದ ಮೊದಲ ನ್ಯಾಷನಲ್ ಕ್ರಿಯೇಟರ್ಸ್ ಅವಾರ್ಡ್ ಕೊಟ್ಟರು. ಮಹಿಳೆಯರ ಪೈಕಿ ಅತ್ಯಂತ ಸೃಜನಶೀಲರೆಂಬ ಪ್ರಶಸ್ತಿ ಶ್ರದ್ಧಾಗೆ, ಪ್ರಧಾನಿಯವರ ಕೈಯಿಂದ. ಪ್ರಗತಿ ಮೈದಾನದ ನಿಲ್ದಾಣ ನಮ್ಮ ಮೆಟ್ರೊ ಲೈನಿನಲ್ಲೇ. ಈಗ ಆ ನಿಲ್ದಾಣಕ್ಕೆ ಸುಪ್ರೀಂ ಕೋರ್ಟ್ ಎಂದು ಹೆಸರು. ಮುಂದಿನ ನಿಲ್ದಾಣ ಮಂಡಿ ಹೌಸ್, ಐವತ್ತು ವರ್ಷದ ಹಿಂದೆ ಜಯಶ್ರೀ ಓದಿದ ನಾಟಕ ಶಾಲೆಯ ಸುತ್ತು. ಒಂದು ನಿಲ್ದಾಣದ ಅಂತರ, ಎರಡು ನಿಮಿಷ. ಪ್ರಶಸ್ತಿಯ ಬಗ್ಗೆ ನನಗೆ ಅಂಥ ಭಕ್ತಿ ಇಲ್ಲ. ಹಾಸ್ಯಗಾರ್ತಿಗೆ ಸರ್ಕಾರ ಹಾರ ಹಾಕಿದಾಗ ನನಗೆ ಮುಂದಿನ ಸಾಲಿನ ಅಮಲ್ದಾರ ನೆನಪಾಗುತ್ತಾನೆ. ವೀರಣ್ಣನವರ ಕಳ್ಳ ಅವನನ್ನೂ ಬಿಡುತ್ತಿರಲಿಲ್ಲ ಎಂದು ತಂದೆ ಹೇಳುತ್ತಿದ್ದರು. ಹಾರ ಹಾಕಿಸಿಕೊಂಡ ಮೇಲೆ ಎಷ್ಟು ಜನ ಬಿಡದೆ ಇರುತ್ತಾರೋ ನೋಡಬೇಕು.

ಶ್ರದ್ಧಾ ಅವರ ರಂಗದ ಕಾರ್ಯಕ್ರಮಕ್ಕೆ ‘ಅಯ್ಯೋ ಸೋ ಮಿನಿ ಥಿಂಗ್ಸ್’ ಎಂದು ಹೆಸರು. ದೇಶ ವಿದೇಶ ಸುತ್ತಿದೆ. ಆಡುವುದು ಒಬ್ಬಳೇ, ಬರೆಯುವುದೂ ಅವಳೇ, ಯಾವ ಸಂಘದ ಕಾರ್ಯದರ್ಶಿಯ ಅನುಮತಿಯೂ ಬೇಕಿಲ್ಲ, ಸ್ಕೂಟರಿನ ಚಿಂತೆಯಿಲ್ಲ. ಇದು ಸಣ್ಣ ಮಾತಲ್ಲ. ಆದರೆ ಜಯಶ್ರೀಯವರ ರಂಗದ ಮುಂದೆ ಆಕೆಯ ಫೋನಿನ ವಿಡಿಯೋಗಳನ್ನು ಇಟ್ಟು ನೋಡಿದಾಗ ನನಗೆ ಒಂದು ಕೊರತೆ ಕಾಣುತ್ತದೆ, ಅದು ಆಕೆಯ ಕೊರತೆಯಲ್ಲ, ಮಾಧ್ಯಮದ್ದು. ಇಲ್ಲಿ ದೇಹ ಕತ್ತಿನವರೆಗೆ. ಹಾಡಿಲ್ಲ. ಎದುರು ಪಾತ್ರವೂ ತಾನೇ ಆದ್ದರಿಂದ ಯಾರೂ ಆಕೆಯನ್ನು ಅನಿರೀಕ್ಷಿತವಾಗಿ ಸೋಲಿಸುವುದಿಲ್ಲ. ಕಳ್ಳನಿಗೆ ಸದಾರಮೆ ಇಲ್ಲ. ನಗು ಉಕ್ಕುವ ಹೊತ್ತಿಗೆ ಸರಿಯಾಗಿ ಯಾವುದೋ ಕಂಪನಿಯ ಸಾಬೂನು ಬರುತ್ತದೆ. ಹಾಗಂತ ಕಂಪನಿ ನಾಟಕದವರು ಸನ್ಯಾಸಿಗಳಾಗಿರಲಿಲ್ಲ, ಗಲ್ಲಾಪೆಟ್ಟಿಗೆ ಅವರಿಗೂ ದೇವರೇ.

ಇನ್ನೊಂದು ಕೊರತೆ ಕನ್ನಡದ್ದು. ಈ ಹೊಸ ಹಾಸ್ಯದಲ್ಲಿ ಕನ್ನಡ ಒಗ್ಗರಣೆಗೆ ಮಾತ್ರ ಬೀಳುತ್ತದೆ. ಸಿಟ್ಟು ಬಂದಾಗ, ಅಚ್ಚರಿಯಾದಾಗ, ಅಮ್ಮ ಬಂದಾಗ. ಯೋಚನೆ ಇಂಗ್ಲಿಷಿನಲ್ಲಿ ನಡೆಯುತ್ತದೆ. ಕೈಲಾಸಂ ಬೆರೆಸಿದ್ದೂ ಇಂಗ್ಲಿಷನ್ನೇ, ಆದರೆ ಅಲ್ಲಿ ಅಡುಗೆ ಕನ್ನಡದ್ದು. ನೋಯ್ಡಾದಲ್ಲಿ ಹುಟ್ಟಿದ ನಮ್ಮ ಮನೆಯ ಮಕ್ಕಳಿಗೆ ಬರುವುದೂ ಅಷ್ಟೇ ಕನ್ನಡ ಆದ್ದರಿಂದ ಅವರಿಗೆ ಇದು ಕೊರತೆ ಅನ್ನಿಸುವುದಿಲ್ಲ. ‘ಅರ್ಥ ಆಗೋದು ಬರುತ್ತಲ್ಲ ಅತ್ತೆ, ಸಾಕು’ ಅನ್ನುತ್ತಾಳೆ ನಾದಿನಿಯ ಮಗಳು.

ಇವಳು ಹುಟ್ಟಿದ್ದು ಇಲ್ಲೇ. ಹಗಲು ಐಟಿ ಕಂಪನಿ, ರಾತ್ರಿ ಓಪನ್ ಮೈಕು ಎಂಬ ಹುಚ್ಚು. ಹೊಸಬರಿಗೆ ಐದು ನಿಮಿಷ ಕೊಡುತ್ತಾರಂತೆ. ಕುಡಿಯುವುದಕ್ಕೆ ಏನಾದರೂ ಕೊಳ್ಳಲೇಬೇಕಂತೆ. ನಮ್ಮ ಕಾಲದಲ್ಲಿ ನಾಟಕಕ್ಕೆ ಬಂದವರಿಗೆ ಉಪ್ಪಿಟ್ಟು ಪುಕ್ಕಟೆ ಕೊಡುತ್ತಿದ್ದರು ಎಂದರೆ ನಂಬಲಿಲ್ಲ. ಹೋದ ತಿಂಗಳು ನಮ್ಮ ಅಡುಗೆಮನೆಯಲ್ಲಿ ನಿಂತು ತಾಲೀಮು ಮಾಡಿದಳು. ವಸ್ತು ನಾನೇ.

‘ಅತ್ತೆ, ನಿಮ್ಮ ಬಸ್ ಆ ಗಯಾ ನಾನು ತಗೊಳ್ಳಲಾ?’

‘ನಿನ್ನ ಹಿಂದಿ ಸರಿಯಾಗೇ ಇದೆಯಲ್ಲೇ, ನಿನಗ್ಯಾಕೆ?’

‘ಅದಕ್ಕೇ. ನನ್ನ ಹಿಂದಿಯಲ್ಲಿ ನಗೋಕೆ ಏನೂ ಇಲ್ಲ.’

ಮಾಡಿ ತೋರಿಸಿದಳು. ನನ್ನ ದನಿ, ನನ್ನ ಕೈ, ಚಾಕ್‌ಪೀಸು ಹಿಡಿಯುವ ರೀತಿ ಎಲ್ಲ ಬಂದಿತ್ತು. ಉಚ್ಚಾರಣೆ ಮಾತ್ರ ಮೆಹಮೂದನದು. ಮುಂದಿನ ತಲೆಮಾರಿಗೂ ಅದು ಸಿನಿಮಾದಿಂದಲೇ ಬಂದಿದೆ. ನಿಲ್ಲಿಸಿದೆ. ನಾವು ‘ಳ’ ಎಲ್ಲಿ ಹಾಕುತ್ತೇವೆ, ಎಲ್ಲಿ ಹಾಕುವುದಿಲ್ಲ, ವಾಕ್ಯದ ಕೊನೆಯಲ್ಲಿ ದನಿ ಏಕೆ ಮೇಲೆ ಹೋಗುತ್ತದೆ, ‘ಗಯಾ’ ಅನ್ನುವಾಗ ನಮಗಿರುವ ಆತ್ಮವಿಶ್ವಾಸ ಎಂಥದ್ದು, ಎಲ್ಲ ಹೇಳಿಕೊಟ್ಟೆ. ತಪ್ಪು ಹಿಂದಿಯನ್ನು ಸರಿಯಾಗಿ ಆಡುವುದು ಕಲಿಯಲು ಅವಳಿಗೆ ಇಡೀ ಭಾನುವಾರ ಹಿಡಿಯಿತು. ನಡುವೆ ಅನ್ನ ಸೀದುಹೋಯಿತು.

ಕಾರ್ಯಕ್ರಮಕ್ಕೆ ನಾನು ಹೋಗಲಿಲ್ಲ, ರಾತ್ರಿ ಹತ್ತರ ಮೇಲೆ ಶುರು. ವಿಡಿಯೋ ಕಳಿಸಿದ್ದಳು. ಬಸ್ಸಿಗೆ ನಕ್ಕರು, ಮೊಸರಿಗೆ ಇನ್ನೂ ಜೋರಾಗಿ ನಕ್ಕರು, ಏಕೆಂದರೆ ಮೊಸರಿನ ಹೊತ್ತಿಗೆ ಅವಳು ಮಾತನ್ನು ತಿರುಗಿಸಿ ಅವರನ್ನೇ ಕೇಳಿದ್ದಳು, ಗಂಡೋ ಹೆಣ್ಣೋ ನೀವೇ ಹೇಳಿ ಎಂದು. ಎದುರಿನ ಎರಡು ಮೇಜಿನವರು ಜಗಳಕ್ಕೆ ಬಿದ್ದರು. ಆ ಸಾಲು ನನ್ನದು. ಮುಂದಿನ ಸಲ ಹೆಸರು ಹಾಕು, ಇಲ್ಲವೇ ಕಾಸು ಕೊಡು ಎಂದಿದ್ದೇನೆ. ಹೊಸ ಹುಡುಗರಿಗೆ ಅಲ್ಲಿ ದುಡ್ಡು ಕೊಡುವುದಿಲ್ಲವಂತೆ, ಉಪ್ಪಿಟ್ಟೂ ಇಲ್ಲ.